ಮೂರನೆಯ ಭಾನುವಾರದ ಪ್ರಕಟಣೆ

ಶಂಕರಪುರ
ಸೋಮವಾರ, 7 ಮೇ 1984

ಆಲ್ಫೋನ್ಸರಿಗೆ,

ನಮ್ಮ ಮದುವೆ ಗೊತ್ತಾದಂದಿನಿಂದ ಬಹ್ರೈನಿನಿಂದ ವಾರಕ್ಕೊಂದು ಪತ್ರ ಹಾಕಿದ್ದೀರಿ. ಪತ್ರಕ್ಕೊಂದು ಹೊಸ ಪಾಠ. ಉಡುಪಿಗೆ ಹೋಗಿ ಟೈಪಿಂಗ್ ಕಲಿ ಎಂದಿರಿ, ಕಲಿತೆ. ಫೋರ್ಕಿನಲ್ಲಿ ತಿನ್ನಲು ಕಲಿ ಎಂದು ಫೋರ್ಕುಗಳ ಪೆಟ್ಟಿಗೆ ಕಳುಹಿಸಿದಿರಿ. ನಾನು ಫೋರ್ಕಿನಿಂದ ಬಂಗುಡೆ ಮೀನಿನ ಮುಳ್ಳು ಬಿಡಿಸುವುದನ್ನು ನೋಡಲಾರದೆ ಅಪ್ಪ ಊಟ ಬಿಟ್ಟು ಎದ್ದರು. ಜಡೆ ಕತ್ತರಿಸು ಎಂದಿರಿ. ಅದೂ ಆಯಿತು. ಮಲ್ಲಿಗೆ ಬೆಳೆಯುವ ಮನೆಯವಳಿಗೆ ಈಗ ಹೂ ಮುಡಿಯಲು ಕೂದಲಿಲ್ಲ. ಕಳೆದ ವಾರ, ಬರ್ತಾ ಎಂಬ ಹೆಸರು ಹಳತಾಯಿತು, ಬೆಟ್ಟಿ ಎಂದಿಟ್ಟುಕೋ ಎಂದಿರಿ.

ಹೇಗಿದ್ದೀ ಎಂದು ಒಂದು ಪತ್ರದಲ್ಲೂ ಕೇಳಲಿಲ್ಲ.

ನಿನ್ನೆ ಚರ್ಚಿನಲ್ಲಿ ನಮ್ಮ ಮದುವೆಯ ಕೊನೆಯ ಪ್ರಕಟಣೆ. ಪಾದ್ರಿಗಳು ಬರ್ತಾ ಎಂದೇ ಓದಿದರು. "ಈ ಮದುವೆಗೆ ಅಡ್ಡಿ ಇದ್ದವರು ತಿಳಿಸಬೇಕು" ಎಂದರು. ಮೂರು ಭಾನುವಾರವೂ ಕೇಳುವ ಮಾತು. ಯಾರೂ ಉತ್ತರ ಕೊಡುವುದಿಲ್ಲ. ನಾನು ಎದ್ದು ನಿಂತೆ. ಅಮ್ಮ ನನ್ನ ಸೆರಗು ಎಳೆದು, "ಕೂತ್ಕೊ ಮಾರಾಯ್ತಿ, ಎಂತ ಮಾಡ್ತಿ ನೀನು?" ಎಂದರು.

ಈ ವಾರದ ಹೊಸ ಪಾಠವನ್ನು ನಾನೇ ಆರಿಸಿಕೊಂಡಿದ್ದೆ. ಕೂರದೆ, "ನನ್ನದೇ ಅಡ್ಡಿ ಉಂಟು, ಫಾದರ್" ಎಂದೆ.

ಫೋರ್ಕಿನ ಪೆಟ್ಟಿಗೆಯನ್ನು ಕಟಪಾಡಿಗೆ ಹೋಗಿ ನಿಮ್ಮ ತಾಯಿಯ ಕೈಗೇ ಕೊಟ್ಟಿದ್ದೇನೆ. ಜಡೆಯನ್ನು ನೀವು ಹಿಂದಿರುಗಿಸಲಾರಿರಿ. ಅದು ತಾನಾಗಿ ಬೆಳೆಯುತ್ತದೆ.

ಇನ್ನೂ ಬರ್ತಾ ಆಗಿಯೇ ಇರುವ,
ಬರ್ತಾ