ಮುಂದಿನ ಬೆಸುಗೆ

ಹಿತ್ತಿಲ ಶೆಡ್ಡಿನಿಂದ
ಗುರುವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಮೊಣಕಾಲಿನ ಊತ ಇಳಿಯಿತೇ? ಹಾಸ್ಟೆಲಿನವರು ಹೊಟ್ಟೆ ತುಂಬ ಬಡಿಸುತ್ತಾರೋ, ಇಲ್ಲ ಸೈಕಲ್ ತುಳಿಯುವವರು ಹಗುರವಾಗಿರಲಿ ಎಂದು ಕೈ ಬಿಗಿ ಹಿಡಿಯುತ್ತಾರೋ? ನಾವು ಚೆನ್ನಾಗಿದ್ದೇವೆ. ನಿಮ್ಮಜ್ಜಿಗೆ ಬೆನ್ನು ನೋವು ಕಡಿಮೆಯಾಗಿದೆ, ಬಾಯಿ ಮೊದಲಿನಂತೆಯೇ ಇದೆ.

ಗುಜರಿ ಅಂಗಡಿಯಿಂದ ನೀನು ಹೊತ್ತು ತಂದ ಆ ಹಳೇ ರೇಸ್ ಸೈಕಲ್ಲಿನ ಫ್ರೇಮು ಈಗ ನೋಡಲು ಸೈಕಲ್ಲಿನಂತೆಯೇ ಆಗಿದೆ. ಹಳೇ ಬಣ್ಣವನ್ನೆಲ್ಲ ಉಜ್ಜಿ ತೆಗೆದೆ. ಬಿಟ್ಟುಕೊಂಡಿದ್ದ ಬೆಸುಗೆಗಳಿಗೆ ಹಿತ್ತಾಳೆ ಹಾಕಿದೆ. ಹೊಸದು ಕೊಳ್ಳುವಷ್ಟು ನಮ್ಮ ಕೈಯಲ್ಲಿ ದುಡ್ಡಿಲ್ಲವಲ್ಲ, ಅದಕ್ಕೇ ಎರಡು ಹಾಳು ಬ್ರೇಕು ಬಿಚ್ಚಿ ಒಂದು ಒಳ್ಳೆಯದು ಮಾಡಿದೆ, ನಿನ್ನ ಶಾಲೆಯ ಚೀಲದ ಪಟ್ಟಿಯನ್ನೇ ಹ್ಯಾಂಡಲ್ಲಿಗೆ ಸುತ್ತಿದೆ. ನೀಲಿ ಬಣ್ಣ ಹಚ್ಚಿದವಳು ನಿಮ್ಮಮ್ಮ. ಹಚ್ಚಿ ಮುಗಿಸಿ, "ಮಾವಾ, ಇದರ ಮೇಲೆ ಕೂತರೆ ಅವಳು ಸೈಕಲ್ ತಂಡಕ್ಕೆ ಸೇರಿದ ಹಾಗೇ ಲೆಕ್ಕ" ಅಂದಳು. ನಾನು ಹೂಂ ಅಂದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಯಾಕೆಂದು ಹೇಳುತ್ತೇನೆ. ಜೀವಮಾನವೆಲ್ಲ ಗೇಟು, ಕಿಟಕಿ ಬೆಸೆದವನು ನಾನು. ಬೆಸುಗೆ ಆರಿದ ಮೇಲೆ ಚಮಚದಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ನನ್ನ ರೂಢಿ. ಗಟ್ಟಿಯಾಗಿದ್ದರೆ ಕಣಕಣ ಅನ್ನುತ್ತದೆ, ಒಳಗೆ ಟೊಳ್ಳಿದ್ದರೆ ಮರ ತಟ್ಟಿದ ಹಾಗಿರುತ್ತದೆ. ನಿನ್ನ ಫ್ರೇಮಿನ ಎಲ್ಲ ಬೆಸುಗೆಗಳೂ ಕಣಕಣ ಅಂದವು, ಹ್ಯಾಂಡಲ್ ಕೂರುವ ಜಾಗದ ಮುಂದಿನದೊಂದು ಬಿಟ್ಟು. ಫ್ರೇಮನ್ನು ಮೇಜಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದಾಗ ಅದು ಗೋಡೆಯ ಕಡೆಗೆ ಬರುತ್ತದೆ, ಕುತ್ತಿಗೆ ತಿರುಗಿಸಿ ಬಲಗಿವಿಯನ್ನೇ ಕೊಡಬೇಕು. ಬರೀ ಮರದ ಸದ್ದು. ಬಿಚ್ಚಿ ಮತ್ತೆ ಕಾಯಿಸಿ ಬೆಸೆದೆ. ಮತ್ತೆ ಮರ. ಆ ತೆಳ್ಳನೆಯ ಕೊಳವೆಯನ್ನು ಇನ್ನೊಂದು ಸಲ ಕಾಯಿಸಿದರೆ ಅದರ ಸತ್ವವೇ ಹೋಗುತ್ತದೆ.

ನಿಮ್ಮಜ್ಜಿಯನ್ನು ಕರೆದು ಕೇಳಿಸಿದೆ. "ಎಲ್ಲಾ ಒಂದೇ ಥರ ಇದೆ. ನಾನು ಕೂಗಿದ್ರೆ ಕೇಳಲ್ಲ, ಕಬ್ಬಿಣ ಪಿಸುಗುಟ್ಟಿದ್ರೆ ಕೇಳುತ್ತೆ ನಿಮಗೆ" ಅಂದಳು. ಅವಳಿಗೇನು ಗೊತ್ತು ಎಂದುಕೊಂಡೆ. ಆದರೆ ಇದು ಗೇಟಲ್ಲ, ಮಗಳೇ. ನಾನು ಮಾಡಿದ ಗೇಟು ಬಿಟ್ಟುಕೊಂಡರೆ ಓರೆಯಾಗಿ ನಿಲ್ಲುತ್ತದೆ, ಅಷ್ಟೇ. ಸ್ಪರ್ಧೆಯ ಆ ಇಳಿಜಾರಿನಲ್ಲಿ ನೀನು ತಲೆ ಬಗ್ಗಿಸಿ ಗಾಳಿಯ ಹಾಗೆ ಬರುವಾಗ ಈ ಬೆಸುಗೆ ಬಿಟ್ಟುಕೊಂಡರೆ, ಮುಂದಿನ ಚಕ್ರ ಒಂದು ಕಡೆ, ನೀನು ಒಂದು ಕಡೆ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಈ ಸ್ಪರ್ಧೆ ತಪ್ಪಿದರೆ ಈ ವರ್ಷ ತಂಡದ ಬಾಗಿಲು ಮುಚ್ಚಿತು ಎಂದು ನೀನು ಬರೆದದ್ದನ್ನೂ ಮರೆತಿಲ್ಲ. ಭಾನುವಾರ ನೀನು ಸೈಕಲ್ ಒಯ್ಯಲು ಬಂದು, ನಗುತ್ತಾ ಅದರ ಮೇಲೆ ಕಾಲು ಹಾಕಿದರೆ ಬೇಡ ಅನ್ನುವ ಧೈರ್ಯ ನನಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೆ ಮಾತು ಎತ್ತಿಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮೊಣಕಾಲಿಗೆ ಬಿಸಿ ಶಾಖ ಕೊಡು. ನಿನ್ನ ಗೆಳತಿಯರಿಗೆ ನಾನು ಕೇಳಿದೆನೆಂದು ಹೇಳು. ನೂರು ಕಾಲ ಬಾಳು, ನನ್ನ ಕಂದ.

ನಿನ್ನ
ಅಜ್ಜ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೆ ಶೆಡ್ಡಿಗೆ ಹೋಗಿ ತಟ್ಟಿದೆ. ಮತ್ತೆ ಮರ. ಗರಗಸ ತೆಗೆದುಕೊಂಡು ಮುಂದಿನ ಎರಡೂ ಕೊಳವೆ ಕತ್ತರಿಸಿಬಿಟ್ಟೆ. ನಿಮ್ಮಮ್ಮ ಬಾಗಿಲಲ್ಲೇ ನಿಂತು ಅತ್ತಳು. ಒಳಗೆ ನೋಡಿದರೆ ತುಕ್ಕಿಲ್ಲ, ಬಿರುಕಿಲ್ಲ, ಹಿತ್ತಾಳೆ ಸುತ್ತಲೂ ಸಮನಾಗಿ ಇಳಿದಿದೆ. ತುಂಡನ್ನು ಕೈಯಲ್ಲಿ ಹಿಡಿದು ಎಡಗಿವಿಯ ಹತ್ತಿರ ತಟ್ಟಿದೆ, ಕಣಕಣ ಅಂದಿತು. ಬಲಗಿವಿಯ ಹತ್ತಿರ ತಟ್ಟಿದೆ, ಮರ. ಚೂಟಿ, ಸ್ಪರ್ಧೆಗೆ ಬೇರೆ ಸೈಕಲ್ ಸಿಗುತ್ತದೋ ಎಂದು ಈ ಕಾಗದ ಸಿಕ್ಕ ಕೂಡಲೇ ನಿನ್ನ ತರಬೇತಿಯ ಮೇಡಮ್ಮನ ಕೈಕಾಲು ಹಿಡಿದು ಕೇಳು. ಏನೇ ಆದರೂ ಭಾನುವಾರ ಬಾ. ಬೈಯುವಾಗ ನನ್ನ ಎಡಗಡೆ ನಿಂತು ಬೈಯಿ.