ಸುಮ್ಮನೆ ಕೂತದ್ದು

ಮೇಡಮ್ಮನವರಿಗೆ, ಭಾಲ್ಕಿಯಿಂದ ಪಂಢರಿಯ ಜೈಭೀಮ.

ಮೊಮ್ಮಗಳು ಮನಿಷಾ ತೊದಲಿದಾಗಲೆಲ್ಲ ಅವಳ ಮಾತನ್ನು ನಾನೇ ಮುಗಿಸುತ್ತೇನೆಂದು ನೀವು ವಿಡಿಯೋ ಥೆರಪಿಯಿಂದ ನನ್ನನ್ನು ಹೊರಗೆ ಹಾಕಿದಿರಿ. ಸಿಟ್ಟು ಬಂದಿತ್ತು. ಗಾಂಧಿ ಗಂಜ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೊಗರಿ ಹರಾಜು ಕೂಗಿದವನಿಗೆ ಕಾಯುವುದು ಎಲ್ಲಿ ಗೊತ್ತು?

ನಿನ್ನೆ ಔರಾದದ ಬೀಗರು ಅವಳನ್ನು ಯಾವ ಕ್ಲಾಸೆಂದು ಕೇಳಿದರು. "ಐ... ಐ..." ಎಂದು ನಿಂತಳು. ಬೀಗಿತಿ, "ಐದೇನ?" ಎಂದು ಬಾಯಿ ಹಾಕಿದಳು.

"ಸುಮ್ಮ ಕುಂದರ್ರಿ! ಆಕಿಗಿ ಬಾಯಿ ಅದ" ಎಂದು ಗದರಿದೆ. ನಾನೂ ಹಲ್ಲು ಕಚ್ಚಿ ಕೂತೆ. ಚಹಾ ಆರಿತು.

"ಐದನೇ ಕ್ಲಾಸ್. ಗಣಿತದಾಗ ನಾನೇ ಫಸ್ಟ" ಎಂದಳು. ಬೀಗರ ಮುಖ ನೀವು ನೋಡಬೇಕಿತ್ತು.

ಈ ಶನಿವಾರ ನನ್ನನ್ನೂ ಫೋನಿನ ಮುಂದೆ ಕೂಡಿಸಿರಿ. "ಮುತ್ಯಾ, ನೀನೂ ಬಾ" ಎಂದು ಮನಿಷಾಳೇ ಹೇಳಿದ್ದಾಳೆ. ಹೇಳಲು ಎಷ್ಟು ಹೊತ್ತು ಹಿಡಿಯಿತೆಂದು ನಾನು ನೋಡಲಿಲ್ಲ.

ಇಂತಿ,
ಮನಿಷಾಳ ಮುತ್ಯಾ