ಫ್ರೀಜರಿಗೂ ಹಬ್ಬದ ರಜೆ

ಸಕಲ ಯಂತ್ರಗಳ ಸಂರಕ್ಷಕರೂ ಸುತ್ತೋಲೆ ಸಾಮ್ರಾಜ್ಯದ ಚಕ್ರವರ್ತಿಗಳೂ ಆದ, ದಾವಣಗೆರೆಯ ನಮ್ಮ ಸಂಶೋಧನಾ ಕೇಂದ್ರದ ಆಡಳಿತಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಆಯುಧಪೂಜೆಯಂದು ತಮ್ಮ ಅಪ್ಪಣೆಯಂತೆ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಕೂಡ ವಿಶ್ರಾಂತಿ ಪಡೆಯಿತು. ಕುಂಕುಮ, ಮಾವಿನ ತೋರಣ, ಬೂದುಗುಂಬಳ, ಯಾವುದಕ್ಕೂ ಕೊರತೆಯಾಗಲಿಲ್ಲ. ಮೂರು ದಿನ ಬಿಟ್ಟು ಬಾಗಿಲು ತೆಗೆದರೆ ಒಳಗೆಲ್ಲ ನೀರು. ಆ ನೀರಿಗೆ ತಾವು ಹೊಣೆ ಮಾಡಿದ್ದು ಸಂಶೋಧಕಿ ನಸೀಮಾ ಅಕ್ಕನನ್ನು. ಏಳು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಅವರ ಪಿಎಚ್.ಡಿ. ನೋಂದಣಿ ರದ್ದು ಎಂದು ತಮ್ಮ ನೋಟಿಸ್. ಸ್ಯಾಂಪಲ್ ಜೊತೆ ಯಾಕಿರಲಿಲ್ಲ ಎಂದು ಕೇಳಿದ್ದೀರಿ. ಎಲ್ಲಾ ಯಂತ್ರಗಳನ್ನು ನಿಲ್ಲಿಸಿ ಪೂಜಿಸತಕ್ಕದ್ದು, ಆಮೇಲೆ ಮೂರು ದಿನ ಯಾರೂ ಒಳಗಿರತಕ್ಕದ್ದಲ್ಲ ಎಂದು ಬರೆದವರು ಯಾರು ಸ್ವಾಮಿ? ಅಕ್ಕ ಹರಿಹರದ ಮನೆಯಲ್ಲಿದ್ದದ್ದು ತಮ್ಮ ಆಜ್ಞಾಪಾಲನೆಗಾಗಿ.

ಆ ಫ್ರೀಜರಿನೊಳಗೆ ಇದ್ದದ್ದೇನು ಎಂದಾದರೂ ತಮಗೆ ಗೊತ್ತೇ? ನಂದಿಗುಡಿಯಲ್ಲಿ ಭತ್ತ ನಾಟಿ ಮಾಡುವ ದ್ಯಾಮವ್ವನ ಎದೆಯಿಂದ ತೆಗೆದ ಗಡ್ಡೆಯ ಚೂರು. ಹೆಪ್ಪುಗಟ್ಟಿಸಿದ ಗಡ್ಡೆಯಲ್ಲಿ ಇಡೀ ಜೀವಕೋಶ ಉಳಿಯುವುದಿಲ್ಲ, ಒಡೆಯುತ್ತದೆ. ಆದರೆ ಶೇಂಗಾ ಸಿಪ್ಪೆ ಒಡೆದರೂ ಕಾಳು ಉಳಿದಂತೆ ಒಳಗಿನ ಕೋಶಕೇಂದ್ರ ಉಳಿಯುತ್ತದೆ. ಅವನ್ನಷ್ಟೇ ಬಿಡಿಸಿಕೊಂಡು, ಒಂದೊಂದರಲ್ಲೂ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ ಎಂದು ಓದುವುದು ಅಕ್ಕನ ಕೆಲಸ. ಚಳಿ ತಪ್ಪಿದರೆ ಆ ಬರಹ ಕೊಳೆತು ಅಳಿಸಿಹೋಗುತ್ತದೆ. ಮಂಗಳಾರತಿ ಎತ್ತಿದರೂ ವಾಪಸ್ ಬರುವುದಿಲ್ಲ.

ಮಗಳಿಗೂ ಇದು ಬರುತ್ತದೋ ಏನೋ ಎಂಬ ಒಂದೇ ಹೆದರಿಕೆಯಿಂದ ದ್ಯಾಮವ್ವ ಗಡ್ಡೆಯನ್ನು ಸಂಶೋಧನೆಗೆ ಕೊಡಲು ಸಹಿ ಹಾಕಿದ್ದರು. ಸುದ್ದಿ ತಿಳಿಸಲು ಅಕ್ಕ ನಂದಿಗುಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಕ್ಕನ ತಪ್ಪೊಪ್ಪಿಗೆಯನ್ನೆಲ್ಲ ಕೇಳಿಸಿಕೊಂಡು, ಚಾ ಲೋಟ ಮುಂದೆ ತಳ್ಳಿ, ಆಯಮ್ಮ ಅಂದದ್ದಿಷ್ಟು: "ಅಳಬ್ಯಾಡವ್ವ. ಇನ್ನೊಂದು ಕೊಡಾಣ ಅಂದ್ರೆ ನನ್ನತ್ರ ಎಲ್ಲೈತೆ?"

ಇದಕ್ಕೆ ತಮ್ಮ ಕಡತದಲ್ಲಿ ಯಾವ ನಮೂನೆಯ ಉತ್ತರವಿದೆ?

ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ. ಸೋಮವಾರದೊಳಗೆ ನೋಟಿಸ್ ಹಿಂದಕ್ಕೆ ಪಡೆಯಿರಿ. ಮುಂದಿನ ಹಬ್ಬಕ್ಕೆ ಫ್ರೀಜರಿಗೆ ಓಡುತ್ತಿರುವಾಗಲೇ ಕುಂಕುಮ ಹಚ್ಚಲು ಸುತ್ತೋಲೆ ಹೊರಡಿಸಿ. ಮತ್ತು ನನ್ನ ಜೊತೆ ನಂದಿಗುಡಿ ಬಸ್ಸು ಹತ್ತಿ, ತಪ್ಪು ನಸೀಮಾಳದ್ದಲ್ಲ ಎಂದು ದ್ಯಾಮವ್ವನ ಮುಂದೆ ನಿಂತು ಹೇಳಿ. ಕಿಟಕಿ ಪಕ್ಕದ ಸೀಟು ತಮಗೇ.

ಇಂತಿ,
ತಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿ ಕೆಟ್ಟ,
ಮಹೇಂದ್ರ, ಎಂ.ಎಸ್ಸಿ. ಎರಡನೇ ವರ್ಷ
ನಿಟ್ಟುವಳ್ಳಿ, ದಾವಣಗೆರೆ

ತಾ.ಕ.: ಫ್ರೀಜರಿನ ಪ್ಲಗ್ ಕಿತ್ತವನು ನಾನೇ. ಸೀರಿಯಲ್ ಲೈಟ್ ಹಾಕಲು ಬೇರೆ ಸಾಕೆಟ್ ಸಿಗಲಿಲ್ಲ. ಫ್ರೀಜರಿನ ಅಲಾರಂ ಪೀಂ ಪೀಂ ಎಂದು ಕೂಗಿಕೊಂಡಾಗ ಮಂಗಳವಾದ್ಯ ಎಂದು ಎಲ್ಲರನ್ನೂ ನಗಿಸಿದೆ. ದ್ಯಾಮವ್ವನ ಕಟ್ಟೆಯ ಮೇಲೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಒಬ್ಬನೇ ಹೋಗಲು ಈಗಲೂ ಧೈರ್ಯವಿಲ್ಲ. ತಮ್ಮನ್ನು ಕರೆದದ್ದು ಅದಕ್ಕೇ.